ಅತ್ತಿಗುಪ್ಪೆಯ ಜ್ವಾಲಾಮುಖಿ

ಅಕ್ಟೋಬರ್ 12, ಭಾನುವಾರ

ಬಿ.ಪಿ. ಡಾಕ್ಟರು ಹೊಸ ಔಷಧಿ ಕೊಟ್ಟಿದ್ದಾರೆ. ಗುಳಿಗೆಯಲ್ಲ, ಬರವಣಿಗೆ. "ಏಕಾಂತಯ್ಯನೋರೇ, ಭಯ ಬಂದಾಗೆಲ್ಲ ಮನೆಯವರಿಗೆ ಹೇಳ್ಬೇಡಿ, ಬರೆದಿಡಿ" ಎಂದರು. ನನ್ನ ಹೆಂಡತಿ ನೀಲಮ್ಮನ ಬಿ.ಪಿ. ನೋಡುವವರೂ ಅವರೇ. ಹಾಗಾಗಿ ಈ ಸಲಹೆಯ ಹಿಂದೆ ಯಾರ ಕೈಯಿದೆ ಎಂದು ನನಗೆ ಗೊತ್ತು. ಅವಳು ಪಕ್ಕದ ಕುರ್ಚಿಯಲ್ಲೇ ಕೂತು ಫ್ಯಾನು ನೋಡುತ್ತಿದ್ದಳು.

ಬರೆಯುವುದು ನನಗೆ ಅಭ್ಯಾಸವಿಲ್ಲ. ಬಸವನ ಬಾಗೇವಾಡಿ ಕಡೆಯವನು, ಏಳನೇ ಕ್ಲಾಸಿನ ನಡುವೆ ಶಾಲೆ ಬಿಟ್ಟು ಚಿಕ್ಕಪ್ಪನ ಹಿಂದೆ ಬೆಂಗಳೂರಿಗೆ ಬಂದೆ. ಈಗ ಅತ್ತಿಗುಪ್ಪೆಯಲ್ಲಿ ನನ್ನದೇ ಹಿಟ್ಟಿನ ಗಿರಣಿಯಿದೆ. ಡಬ್ಬಗಳ ಮೇಲೆ ಹೆಸರು ಬರೆಯುವುದೇ ನನ್ನ ಸಾಹಿತ್ಯ.

ಇವತ್ತಿನ ಭಯಗಳು: ಗ್ಯಾಸ್ ಸಿಲಿಂಡರ್. ಗಿರಣಿಯ ಮೋಟಾರು (ಅದನ್ನು ರಬ್ಬರ್ ಚಪ್ಪಲಿ ಹಾಕಿ, ಮರದ ಹಲಗೆಯ ಮೇಲೆ ನಿಂತು, ಒಂದೇ ಕೈಯಲ್ಲಿ ಚಾಲೂ ಮಾಡುತ್ತೇನೆ). ದೀಪಾವಳಿಯ ರಾಕೆಟ್ಟು. ಮಗಳು.

ಬರೆದ ಮೇಲೆ ಭಯ ಕಡಿಮೆಯಾಗಲಿಲ್ಲ. ಬರೆಯುವಾಗ ಇನ್ನೊಂದೆರಡು ನೆನಪಾದವು. ಸಿಲಿಂಡರ್ ಮತ್ತೆ ನೋಡಿ ಬಂದೆ.

ಅಕ್ಟೋಬರ್ 16, ಗುರುವಾರ

ಮಗಳು ರಕ್ಷಾ ಜ್ಞಾನಭಾರತಿಯಲ್ಲಿ ಭೂವಿಜ್ಞಾನದ ಎಂ.ಎಸ್ಸಿ. ಓದುತ್ತಿದ್ದಾಳೆ. ಬೇರೆಯವರ ಮಕ್ಕಳು ಓದಿದರೆ ಜನ "ಕೆಲಸ ಎಲ್ಲಿ" ಎಂದು ಕೇಳುತ್ತಾರೆ, ನನ್ನ ಮಗಳು ಓದಿದರೆ "ಯಾಕೆ" ಎಂದು ಕೇಳುತ್ತಾರೆ. ನಾಳೆ ಸೆಮಿನಾರ್ ಇದೆಯಂತೆ. ಊಟದ ಹೊತ್ತಿಗೆ ನಮ್ಮಿಬ್ಬರನ್ನು ಕೂರಿಸಿಕೊಂಡು ಅಭ್ಯಾಸ ಮಾಡಿದಳು.

ಜ್ವಾಲಾಮುಖಿ ಎಂದರೆ ಕ್ಯಾಲೆಂಡರಿನಲ್ಲಿ ಇರುವಂತೆ ನೆತ್ತಿ ತೂತಾದ ಬೆಟ್ಟ ಎಂದುಕೊಂಡಿದ್ದೆ. ದಖ್ಖನ್ನಿನದು ಹಾಗಲ್ಲವಂತೆ. ಆರೂವರೆ ಕೋಟಿ ವರ್ಷದ ಹಿಂದೆ ನೆಲವೇ ಉದ್ದುದ್ದಕ್ಕೆ ಬಿರಿದು, ಲಾವಾ ಕಾವಲಿಯ ಮೇಲಿನ ದೋಸೆ ಹಿಟ್ಟಿನಂತೆ ಹರಡಿತಂತೆ. ಒಂದೇ ಸಲಕ್ಕಲ್ಲ. ಒಂದು ಹರಿವು, ಆಮೇಲೆ ದೀರ್ಘ ಬಿಡುವು. ಆ ಬಿಡುವಿನಲ್ಲಿ ಕಲ್ಲಿನ ಮೇಲ್ಮೈ ಸವೆದು ಮಣ್ಣಾಗುತ್ತದೆ. ಮತ್ತೆ ಇನ್ನೊಂದು ಹರಿವು ಬಂದು ಆ ಮಣ್ಣನ್ನು ಇಟ್ಟಿಗೆಯಂತೆ ಸುಟ್ಟು ಕೆಂಪು ಮಾಡುತ್ತದೆ. ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ ಈ ಪದರಗಳ ಅಟ್ಟಿ ಕಿಲೋಮೀಟರಿಗೂ ಮೀರಿದ ದಪ್ಪ. ನಮ್ಮ ವಿಜಯಪುರದ ಕಡೆಗೆ ಬರುವಾಗ ದೋಸೆಯ ಅಂಚಿನಂತೆ ತೆಳು. ಆ ಕರಿಕಲ್ಲೇ ಪುಡಿಯಾಗಿ ನಮ್ಮ ಎರೆಮಣ್ಣು ಆಗಿದೆ.

ನಾನು ಅಂಬೆಗಾಲಿಟ್ಟದ್ದು ಆರಿದ ಬೆಂಕಿಯ ಮೇಲೆ. ಇಷ್ಟು ವರ್ಷ ಯಾರೂ ಹೇಳಿರಲಿಲ್ಲ.

"ಮತ್ತೆ ಬಾಯಿ ಬಿಡುತ್ತಾ?" ಎಂದು ಕೇಳಿದೆ.

"ಇಲ್ಲಪ್ಪ. ಆ ಬೆಂಕಿ ಮೇಲಿಂದ ನಮ್ಮ ನೆಲಾನೇ ಉತ್ತರಕ್ಕೆ ಸರಿದು ಬಂದುಬಿಟ್ಟಿದೆ. ಈಗ ಅದು ಸಮುದ್ರದ ಮಧ್ಯ ಒಂದು ದ್ವೀಪದ ಕೆಳಗಿದೆ."

"ಬೆಂಗಳೂರಿಗೆ?"

"ಇಲ್ಲಿನ ಬಂಡೆ ಮುನ್ನೂರು ಕೋಟಿ ವರ್ಷದ್ದು. ಆ ಲಾವಾ ಇಲ್ಲಿಗೆ ಬಂದೇ ಇಲ್ಲ."

"ಬಂದಿಲ್ಲ ಅಂದ್ರೆ, ಇನ್ನು ಮೇಲೆ ಬರಬಹುದು ಅಂತ ಆಯ್ತು."

ರಕ್ಷಾ ಅವಳಮ್ಮನ ಮುಖ ನೋಡಿದಳು. ನೀಲಮ್ಮ ಸಾರಿನ ಪಾತ್ರೆ ಮುಚ್ಚಿ, "ಡಾಕ್ಟರ್ ಬರೀರಿ ಅಂದಿದ್ರಲ್ಲ, ಹೋಗಿ ಬರೀರಿ" ಎಂದಳು.

ಬರೆದಿದ್ದೇನೆ.

ಅಕ್ಟೋಬರ್ 22, ಬುಧವಾರ

ದೀಪಾವಳಿ ಮುಗಿಯಿತು. ರಾಕೆಟ್ ನಮ್ಮ ಮನೆಗೆ ಬರಲಿಲ್ಲ. ಎದುರು ಮನೆಗೆ ಹೋಯಿತು. ಮುಂದಿನ ವರ್ಷ ನಮ್ಮ ಸರದಿ.

ನವೆಂಬರ್ 4, ಮಂಗಳವಾರ

ರಕ್ಷಾ ಕಲ್ಲು ನೋಡಲು ಹೋದಳು. ಹೋಗುವುದು ಎಲ್ಲಿಗೆ ಎಂದರೆ ನನ್ನ ಊರಿನ ಕಡೆಗೇ, ಬಾಗೇವಾಡಿ ಸುತ್ತಿನ ಕ್ವಾರಿಗಳಿಗೆ. ಯಾವುದರಿಂದ ತಪ್ಪಿಸಿಕೊಂಡು ನಾನು ಬಂದೆನೋ ಅದನ್ನು ಸುತ್ತಿಗೆ ಹಿಡಿದು ತಟ್ಟಲು ಮಗಳು ಹೋಗಿದ್ದಾಳೆ. ಬಸ್ಸಿನ ಟಯರು ನೋಡಿ, ಡ್ರೈವರಿನ ಕಣ್ಣು ನೋಡಿ ಹತ್ತಿಸಿದೆ. ಡ್ರೈವರು "ಯಾಕ್ ಸಾರ್, ನಾನೇನಾದ್ರೂ ನಿಮ್ಮ ಸಾಲ ತೀರಿಸ್ಬೇಕಾ?" ಎಂದು ಕೇಳಿದ.

ನವೆಂಬರ್ 6, ಗುರುವಾರ

ಬಂತು.

ನಿನ್ನೆ ಸಂಜೆ ಜೋರು ಮಳೆ. ಬೆಳಗ್ಗೆ ಗಿರಣಿ ತೆಗೆಯಲು ಹೋಗುತ್ತಿದ್ದೆ. ಗಿರಣಿಯ ಎದುರಿನ ಮೂಲೆಯಲ್ಲಿ ಕರೆಂಟ್ ಕಂಬವಿದೆ, ಇಡೀ ರಸ್ತೆ ಅಲ್ಲೇ ಕಸ ಎಸೆಯುತ್ತದೆ. ಕಸದ ನಡುವಿನಿಂದ ಸುಂಯ್ ಎನ್ನುವ ಸದ್ದು. ಹೊಗೆ. ಬಗ್ಗಿ ನೋಡಿದರೆ ಕಂಬದ ಬುಡದಲ್ಲಿ ನೆಲ ಬಾಯಿಬಿಟ್ಟಿದೆ, ಅದರೊಳಗಿಂದ ಕೆಂಡದಂಥದ್ದು ಉಕ್ಕಿ ಬಂದು, ಹೊರಗೆ ಬಂದದ್ದು ಕರ್ರಗೆ, ಮಿರಮಿರ ಮಿಂಚುತ್ತ ಗಟ್ಟಿಯಾಗುತ್ತಿದೆ. ರಕ್ಷಾ ಹೇಳಿದ್ದ ಹಾಗೆಯೇ. ಬಿರುಕು, ಉಕ್ಕು, ಕರಿಕಲ್ಲು.

"ಯಪ್ಪಾ" ಎಂದೆ. ಬೆಂಗಳೂರಿನಲ್ಲಿ ನನ್ನ ನಾಲಗೆ ಇಲ್ಲಿಯದೇ ಆಗಿದೆ, ಹೆದರಿದಾಗ ಮಾತ್ರ ಊರಿಗೆ ಹೋಗಿಬರುತ್ತದೆ.

ಆಗಲೇ ರಸ್ತೆಯ ಸಂಘದ ಅಧ್ಯಕ್ಷರು, ರಿಟೈರ್ಡ್ ಆಫೀಸರು ಲಕ್ಷ್ಮೀಪತಿಯವರು, ಗೋಧಿ ಡಬ್ಬ ಹಿಡಿದು ಬಂದರು. "ಏನದು?" ಎಂದರು. "ಜ್ವಾಲಾಮುಖಿ ಸಾರ್" ಎಂದೆ. ನಾನು ಹೇಳಿದ್ದು ಅವರೊಬ್ಬರಿಗೇ. ಅದನ್ನು ಇಲ್ಲಿ ಸ್ಪಷ್ಟವಾಗಿ ಬರೆದಿಡುತ್ತೇನೆ.

ಗೋಧಿ ಹಿಟ್ಟಾಗುವಷ್ಟರಲ್ಲಿ ಗಿರಣಿಯ ಮುಂದೆ ನಿಂತವರೆಲ್ಲರಿಗೂ ತಿಳಿದಿತ್ತು. ರಾಗಿ ಡಬ್ಬದವರು ಬರುವಷ್ಟರಲ್ಲಿ ಲಾವಾ ಮೆಟ್ರೋ ಸ್ಟೇಷನ್ನಿನ ಕೆಳಗೂ ಇತ್ತು. ಮಧ್ಯಾಹ್ನ ಒಬ್ಬಾಕೆ ಬಂದು, "ಅಂಕಲ್, ವಿಷಯ ಗೊತ್ತಾಯ್ತಾ, ಸರ್ಕಾರ ಮುಚ್ಚಿಡ್ತಾ ಇದೆಯಂತೆ" ಎಂದು ನನಗೇ ಹೇಳಿದಳು. ಅದನ್ನು ಕೇಳಿ ನನಗೆ ಇನ್ನಷ್ಟು ಭಯವಾಯಿತು.

ನವೆಂಬರ್ 7, ಶುಕ್ರವಾರ

ಜ್ವಾಲಾಮುಖಿ ಒಂದು ದಿನ ಮಾತ್ರ ಬದುಕಿತು. ಇವತ್ತು ಅದು ಲಿಂಗ.

ಪಂಚಾಂಗ ಹೇಳುವ ರುದ್ರಮುನಿ ಬಂದು ನೋಡಿ, ಕಾರ್ತೀಕ ಮಾಸದಲ್ಲಿ ಭೂಮಿಯಿಂದ ಎದ್ದ ಜ್ವಾಲಾಲಿಂಗ ಇದು ಎಂದರು. ಕಾರ್ಪೊರೇಷನ್ನಿನವರು ಬೋರ್ಡು ಹಾಕಿ, ದಂಡ ಹಾಕಿ ಸೋತಿದ್ದ ಮೂಲೆ ಒಂದೇ ಗಂಟೆಯಲ್ಲಿ ಸ್ವಚ್ಛವಾಯಿತು. ಲಕ್ಷ್ಮೀಪತಿಯವರ ಮುಖದಲ್ಲಿ ಹೊಸ ತೇಜಸ್ಸು. "ದೇವರಿದ್ರೆ ಒಬ್ಬರೂ ಕಸ ಹಾಕಲ್ಲ. ಚಪ್ಪರ ಹಾಕ್ಸೋಣ, ಆಮೇಲೆ ಗುಡಿ. ಕಸದ ಗಾಡಿ ಇನ್ನು ಆ ಕಡೆ ರಸ್ತೇಲಿ ನಿಲ್ಲಲಿ" ಎಂದರು. ಆ ಕಡೆಯ ರಸ್ತೆಯ ಸಂಘಕ್ಕೂ ಇವರಿಗೂ ಹಳೆಯ ವ್ಯಾಜ್ಯವಿದೆ.

ಕೊರಳಲ್ಲಿ ಇಷ್ಟಲಿಂಗದ ಕರಡಿಗೆ ಕಟ್ಟಿಕೊಂಡ ನಮ್ಮವರೇ ಕಂಬದ ಬುಡಕ್ಕೆ ಅಡ್ಡಬಿದ್ದರು. ನಾನೂ ಕೈ ಮುಗಿದೆ, ಗಿರಣಿಯ ಒಳಗಿನಿಂದ. ಭಯಕ್ಕೆ ಸಿದ್ಧಾಂತವಿಲ್ಲ.

ಹತ್ತಿರ ಹೋಗಿ ಬಂದವರು ಹೇಳುತ್ತಿದ್ದಾರೆ: "ಅಂಗಾಲಲ್ಲಿ ಜುಮ್ ಅನ್ನುತ್ತೆ ಕಣ್ರೀ. ಎಂಥಾ ಶಕ್ತಿ."

ನವೆಂಬರ್ 8, ಶನಿವಾರ

ಸೋಮವಾರ ಮೊದಲ ಅಭಿಷೇಕ. ಮೊದಲು ಕಂಡವನು ನಾನು, ಜೊತೆಗೆ ನಾವು ಜಂಗಮರು, ಆದ್ದರಿಂದ ಮೊದಲ ತಂಬಿಗೆ ನೀಲಮ್ಮನದು ಎಂದು ತೀರ್ಮಾನವಾಗಿದೆ.

"ನಿಮ್ಮ ಭಯದಿಂದ ನನಗೆ ಒಂದು ಮರ್ಯಾದೆ ಅಂತ ಸಿಕ್ಕಿದ್ದು ಇದೇ ಮೊದಲು" ಎಂದಳು. ಹುಣಸೆಹಣ್ಣು ಹಚ್ಚಿ ತಾಮ್ರದ ತಂಬಿಗೆ ಉಜ್ಜುತ್ತಿದ್ದಾಳೆ. ಮದುವೆಯಲ್ಲಿ ಕೂಡ ಇಷ್ಟು ನಗು ನೋಡಿದ ನೆನಪಿಲ್ಲ.

ನವೆಂಬರ್ 9, ಭಾನುವಾರ

ಬೆಳಗ್ಗೆ ಕಂಬದ ಹತ್ತಿರ ನಾಯಿ ಸತ್ತು ಬಿದ್ದಿತ್ತು. ಗಿರಣಿಯ ಕಟ್ಟೆಯ ಮೇಲೆ ಮಲಗುತ್ತಿದ್ದ ಕಂದು ನಾಯಿ. ರುದ್ರಮುನಿ "ಪುಣ್ಯವಂತ ಜೀವ, ಸನ್ನಿಧಿಯಲ್ಲಿ ಐಕ್ಯವಾಯ್ತು" ಎಂದರು. ನಾಯಿಗೂ ಒಂದು ಹಾರ ಬಿತ್ತು.

ನಿನ್ನೆಯವರೆಗೆ ಆ ನಾಯಿಗೆ ಮೋಕ್ಷದ ಯಾವ ಲಕ್ಷಣವೂ ಇರಲಿಲ್ಲ. ಗಿರಣಿಯ ಬಾಗಿಲಿನಿಂದಲೇ ಲಿಂಗದ ಫೋಟೋ ತೆಗೆದು ರಕ್ಷಾಗೆ ಕಳಿಸಿದೆ. ಕ್ವಾರಿಯಲ್ಲಿ ಸಿಗ್ನಲ್ ಇರುವುದಿಲ್ಲ. ಸಂಜೆ ಊರಿಗೆ ಬಂದ ಮೇಲೆ ಫೋನ್ ಮಾಡಿದಳು.

"ಅಪ್ಪಾ, ಇದು ಲಾವಾ ಅಲ್ಲ."

"ಅಲ್ವಾ? ನೀನು ಹೇಳಿದ್ಹಂಗೇ ಇದೆ."

"ಲಾವಾ ನಿಧಾನಕ್ಕೆ ಆರುತ್ತೆ, ಒಳಗೆ ಹರಳು ಕಟ್ಟುತ್ತೆ. ಇದು ಬರೀ ಗಾಜು. ಅದರೊಳಗೆ ಫುಟ್‌ಪಾತಿನ ಜಲ್ಲಿ ಕಾಣ್ತಿದೆ, ದೊಡ್ಡದು ಮಾಡಿ ನೋಡು. ಕಂಬದಿಂದ ಕರೆಂಟ್ ನೆಲಕ್ಕೆ ಇಳೀತಾ ಇದೆ ಅಪ್ಪಾ, ಆ ಶಾಖಕ್ಕೆ ಮಣ್ಣು ಕರಗಿದೆ. ಒಬ್ಬರನ್ನೂ ಬರಿಗಾಲಲ್ಲಿ ಹತ್ರ ಬಿಡ್ಬೇಡ. ನೀರಂತೂ ಹಾಕ್ಲೇಬಾರ್ದು."

"ನಾಳೆ ನಿಮ್ಮಮ್ಮ ಅಭಿಷೇಕ ಮಾಡ್ತಾಳೆ."

"ಅಮ್ಮಂಗೆ ಕೊಡು ಫೋನು" ಎಂದಳು.

ನೀಲಮ್ಮ ಎಲ್ಲವನ್ನೂ ಕೇಳಿಸಿಕೊಂಡು, "ಎರಡು ದಿನದಿಂದ ಅಷ್ಟು ಜನ ನಮಸ್ಕಾರ ಮಾಡಿದ್ರಲ್ಲ, ಯಾರಿಗೇನಾಯ್ತೇ? ನಿಮ್ಮಪ್ಪಂದು ನಿನಗೂ ಅಂಟ್ತಾ?" ಎಂದು ಫೋನ್ ಇಟ್ಟಳು. ನನ್ನ ಕಡೆ ತಿರುಗಿ, "ಒಂದೇ ಒಂದು ದಿನ ನಂಗೆ ಬಿಟ್ಟುಕೊಡಕ್ಕೆ ಆಗಲ್ವಾ ನಿಮಗೆ" ಎಂದಳು. ಕಣ್ಣಲ್ಲಿ ನೀರಿತ್ತು.

ಕರೆಂಟ್ ಆಫೀಸಿಗೆ ಫೋನ್ ಮಾಡಿದೆ. ಒಬ್ಬ ಹುಡುಗಿ ಎತ್ತಿದಳು.

"ನಿಮ್ಮ ಮನೇಲಿ ಕರೆಂಟ್ ಇದೆಯಾ ಸಾರ್?"

"ಇದೆ."

"ಮತ್ತೆ ಕಂಪ್ಲೇಂಟ್ ಏನು ಸಾರ್?"

"ಜಾಸ್ತಿ ಇದೆ ಕಣಮ್ಮ. ನೆಲದಲ್ಲೂ ಇದೆ."

ಬರೆದುಕೊಂಡಿದ್ದೇವೆ ಎಂದಳು. ಮತ್ತೆ ಮಾಡಿದೆ, ಮತ್ತೆ ಬರೆದುಕೊಂಡರು. ಅವರಿಗೂ ಯಾವುದೋ ಡಾಕ್ಟರು ಬರೆದಿಡಲು ಹೇಳಿರಬೇಕು.

ಲಕ್ಷ್ಮೀಪತಿಯವರ ಮನೆಗೆ ಹೋದೆ. ಅವರು ನಿಧಾನವಾಗಿ ಕಾಫಿ ಮುಗಿಸಿ ಹೇಳಿದರು: "ಭೂಕಂಪ ಅಂತ ಎಲ್ರನ್ನೂ ರಸ್ತೆಗೆ ಇಳಿಸಿದ್ರಿ, ಅದು ಮೇಲಿನ ಮನೆ ವಾಷಿಂಗ್ ಮೆಷಿನ್ನು. ಮೆಟ್ರೋ ಪಿಲ್ಲರ್ ಬಿರುಕು ಬಿಟ್ಟಿದೆ ಅಂದ್ರಿ, ಅದು ಜೇಡರ ಬಲೆ. ಮೊನ್ನೆ ಜ್ವಾಲಾಮುಖಿ ಅಂದೋರೂ ನೀವೇ, ಇವತ್ತು ಕರೆಂಟ್ ಅನ್ನೋರೂ ನೀವೇ. ಯಾವುದಾದ್ರೂ ಒಂದರಲ್ಲಿ ನಿಲ್ಲಿ ಏಕಾಂತಯ್ಯನೋರೇ."

ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲ.

ಮತ್ತೆ ಮಳೆ ಶುರುವಾಗಿದೆ.

ನವೆಂಬರ್ 10, ಸೋಮವಾರ

ಅಕ್ಷರಗಳು ಗೆರೆ ಬಿಟ್ಟು ಓಡುತ್ತಿವೆ. ಆದರೂ ಬರೆಯುತ್ತೇನೆ.

ಬೆಳಗ್ಗೆ ನಾನು ಏಳುವ ಮೊದಲೇ ನೀಲಮ್ಮ ಸ್ನಾನ ಮಾಡಿ ಹೊರಟುಹೋಗಿದ್ದಳು. ಓಡಿದೆ. ಮಳೆ ನಿಂತಿತ್ತು, ಆದರೆ ಮೂಲೆಯಲ್ಲೆಲ್ಲ ನೀರು. ಸಾಲದೆಂದು ರಸ್ತೆ ತೊಳೆದು ರಂಗೋಲಿ ಬೇರೆ ಹಾಕಿದ್ದರು. ಇಡೀ ರಸ್ತೆಯ ಚಪ್ಪಲಿಗಳನ್ನು ನನ್ನ ಗಿರಣಿಯ ಕಟ್ಟೆಯ ಮೇಲೆ ಬಿಟ್ಟು, ಎಲ್ಲರೂ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ, ಕೈಯಲ್ಲೊಂದು ತಂಬಿಗೆ ಹಿಡಿದು ಸಾಲಾಗಿ ನಿಂತಿದ್ದರು. ಸಾಲಿನ ತಲೆಯಲ್ಲಿ ನೀಲಮ್ಮ, ಹಸಿರು ಇಳಕಲ್ ಸೀರೆಯಲ್ಲಿ.

"ಎಲ್ರೂ ಚಪ್ಪಲಿ ಹಾಕ್ಕೊಳ್ಳಿ" ಎಂದೆ. "ಅಲ್ಲಿ ಕರೆಂಟಿದೆ. ಚಪ್ಪಲಿ ಹಾಕ್ಕೊಂಡು ಹಿಂದೆ ಬನ್ನಿ."

"ಮೊದಲು ನೀವು ಬಿಡಿ ಚಪ್ಪಲಿ. ದೇವರ ಮುಂದೆ ನಿಂತಿದ್ದೀರಿ" ಎಂದರು ರುದ್ರಮುನಿ.

"ಬಿಡಲ್ಲ."

"ಬೆಳಗ್ಗೆ ಗುಳಿಗೆ ತಗೊಂಡಿಲ್ವೇನೋ" ಎಂದು ಯಾರೋ ಅಂದರು. ನಗು. ಲಕ್ಷ್ಮೀಪತಿಯವರು ನನ್ನ ಹೆಗಲ ಮೇಲೆ ಕೈಯಿಟ್ಟು, ಸಣ್ಣ ಮಗುವಿಗೆ ಹೇಳುವಂತೆ, "ಬನ್ನಿ ಇಲ್ಲಿ, ಪಕ್ಕದಲ್ಲಿ ಕೂತ್ಕೊಳ್ಳಿ" ಎಂದರು. ಮಂತ್ರ ಶುರುವಾಯಿತು. ನೀಲಮ್ಮ ನನ್ನ ಕಡೆ ನೋಡಲಿಲ್ಲ. ಕಂಬದ ಬುಡದ ಕಡೆಗೆ ಹೆಜ್ಜೆ ಎತ್ತಿಟ್ಟಳು. ತಂಬಿಗೆಯಲ್ಲಿ ನೀರು ತುಳುಕುತ್ತಿತ್ತು.

ಅವಳ ಬಲಗಾಲು ಝಾಡಿಸಿದಂತೆ ಹಿಂದೆ ಬಂತು. ಅವಳು ಅದನ್ನು ಭಕ್ತಿ ಎಂದುಕೊಂಡಳು, ಕಣ್ಣು ಮುಚ್ಚಿಕೊಂಡು ತುಟಿ ಅಲ್ಲಾಡಿಸಿದಳು. ನಾನು ಯೋಚಿಸಲಿಲ್ಲ. ಯೋಚಿಸಿದ್ದರೆ ಖಂಡಿತ ಮಾಡುತ್ತಿರಲಿಲ್ಲ, ನಾನು ಅಂಥವನಲ್ಲ. ಕಾಲಿನಿಂದ ಹವಾಯಿ ಚಪ್ಪಲಿ ಕಿತ್ತು ಲಿಂಗದ ಮೇಲೆ ಎಸೆದೆ. ಹಾರದ ನಡುವೆ ಸರಿಯಾಗಿ ಹೋಗಿ ಕೂತಿತು. ಶಾಲೆಯಲ್ಲಿದ್ದಾಗ ಮಾವಿನಕಾಯಿಗೆ ಕೂಡ ನನ್ನ ಗುರಿ ಸರಿಯಿರಲಿಲ್ಲ.

ಮಂತ್ರ ನಿಂತಿತು.

"ಮೈಲಿಗೆ" ಎಂದರು ರುದ್ರಮುನಿ. "ಶುದ್ಧಿಯಾಗೋವರೆಗೂ ಯಾರೂ ನೀರು ಹಾಕೋ ಹಾಗಿಲ್ಲ. ಹಿಂದೆ ಬನ್ನಿ ಎಲ್ಲ."

ಎಲ್ಲರೂ ಹಿಂದೆ ಬಂದರು. ಜೀವಕ್ಕೆ ಹಿಂದೆ ಸರಿಯದ ಸಾಲು ಚಪ್ಪಲಿಗೆ ಹಿಂದೆ ಸರಿಯಿತು. ನೀಲಮ್ಮನೂ.

ಆಮೇಲೆ ನನ್ನ ಶರ್ಟಿನ ಕಾಲರು ಯಾರ ಕೈಯಲ್ಲಿತ್ತೋ ನಾನು ನೋಡಲಿಲ್ಲ. "ಅಯ್ಯನೋರ ಕುಲದಲ್ಲಿ ಹುಟ್ಟಿ ಚಪ್ಪಲಿ ಎಸೀತೀಯಾ" ಎನ್ನುವುದು ಮಾತ್ರ ಕೇಳುತ್ತಿತ್ತು. ಪಂಚಗವ್ಯ ತರಲು ಒಬ್ಬರು ವಿಜಯನಗರದ ಮಾರ್ಕೆಟ್ಟಿಗೆ ಹೊರಟರು. ನಾನು ಒಂಟಿ ಚಪ್ಪಲಿಯ ಕಾಲಿನ ಮೇಲೆ ಕೊಕ್ಕರೆಯಂತೆ ನಿಂತಿದ್ದೆ.

ಅಷ್ಟರಲ್ಲಿ ಲೈನ್‌ಮನ್ ಕೃಷ್ಣಪ್ಪ ಬಂದ. ನನ್ನ ಕಂಪ್ಲೇಂಟಿಗಲ್ಲ. ಚಪ್ಪರಕ್ಕೆ ಸೀರಿಯಲ್ ಸೆಟ್ ಹಾಕಿಸಲು ಲಕ್ಷ್ಮೀಪತಿಯವರು ಕರೆಸಿದ್ದರು. ಗಮ್ ಬೂಟು ಹಾಕಿಕೊಂಡು ಗುಂಪು ಸೀಳಿ ಹೋಗಿ ಕಂಬಕ್ಕೆ ಟೆಸ್ಟರ್ ತಾಗಿಸಿದ. ಟೆಸ್ಟರ್ ಹೊತ್ತಿಕೊಂಡಿತು. ಅವನು ಹಾವು ಕಂಡವನಂತೆ ಹಿಂದಕ್ಕೆ ಹಾರಿದ. ಟ್ರಾನ್ಸ್‌ಫಾರ್ಮರಿನ ಕಡೆ ಓಡಿದ. ಎಲ್ಲಾ ಮನೆಗಳ ಮಿಕ್ಸಿಗಳು ಒಟ್ಟಿಗೆ ನಿಂತವು.

ವಾಪಸ್ ಬಂದು ಮುಖ ಒರೆಸಿಕೊಂಡು, "ಯಾರಾದ್ರೂ ಒಬ್ರು ನೀರು ಹುಯ್ದಿದ್ರೆ ಸಾರ್, ಸಾಲಲ್ಲಿ ನಿಂತೋರೆಲ್ಲ ಸಾಲಾಗೇ ಮಲಗಿರೋರು" ಎಂದ.

ನನ್ನ ಕಾಲರು ಹಿಡಿದಿದ್ದ ಕೈ ಬಿಟ್ಟಿತು. ನೀಲಮ್ಮ ಒದ್ದೆ ನೆಲವನ್ನು ನೋಡಿದಳು, ತನ್ನ ಬಲಗಾಲು ನೋಡಿಕೊಂಡಳು, ಆಮೇಲೆ ಅಭಿಷೇಕದ ತಂಬಿಗೆ ಎತ್ತಿ ಪೂರ್ತಿ ನೀರನ್ನು ಗಟಗಟ ತಾನೇ ಕುಡಿದಳು.

ನವೆಂಬರ್ 13, ಗುರುವಾರ

ಬದುಕಿ ಉಳಿದದ್ದರ ಬಗ್ಗೆ ರಸ್ತೆಯಲ್ಲಿ ಯಾರೂ ಮಾತಾಡುತ್ತಿಲ್ಲ. ಚಪ್ಪಲಿಯ ಬಗ್ಗೆ ಎಲ್ಲರೂ ಮಾತಾಡುತ್ತಿದ್ದಾರೆ.

ಸಂಘದ ಮೀಟಿಂಗ್ ನಡೆಯಿತು. ತಮಗೆ ಮೊದಲ ದಿನವೇ ಕರೆಂಟ್ ಎಂದು ಅನುಮಾನವಿತ್ತು ಎಂದು ಲಕ್ಷ್ಮೀಪತಿಯವರು ಹೇಳಿದರು. ನಮ್ಮನ್ನೆಲ್ಲ ಉಳಿಸಲು ದೇವರೇ ಆ ಕರೆಂಟನ್ನು ಅಷ್ಟು ದಿನ ಮೈಮೇಲೆ ತಗೊಂಡಿತು ಎಂದು ರುದ್ರಮುನಿ ಹೇಳಿದರು. ಇಬ್ಬರಿಗೂ ಚಪ್ಪಾಳೆ. ನನ್ನ ವಿಷಯ ಕಡೆಯಲ್ಲಿ ಬಂತು: ಚಪ್ಪಲಿ ಎಸೆದದ್ದು ಖಂಡನೀಯ, ಆದರೆ ಆರೋಗ್ಯ ಸರಿಯಿಲ್ಲದವರು, ಈ ಸಲ ಬಿಡೋಣ.

ಗಿರಣಿಗೆ ಅರ್ಧ ಡಬ್ಬಗಳೂ ಬಂದಿಲ್ಲ. ಆದರೂ ಪರವಾಗಿಲ್ಲ, ಮೋಟಾರು ಬಿಸಿಯಾಗುವುದಿಲ್ಲ.

ಕಂಬ ರಿಪೇರಿಯಾಯಿತು. ಮೂಲೆಯಲ್ಲಿ ಇವತ್ತು ಬೆಳಗ್ಗೆ ಮೊದಲ ಕಸದ ಚೀಲ ಬಂದು ಬಿದ್ದಿದೆ. ಅದರ ಮೇಲೆ ಲಕ್ಷ್ಮೀಪತಿಯವರು ಯಾವಾಗಲೂ ಸಿಹಿ ತರಿಸುವ ಅಂಗಡಿಯ ಹೆಸರಿದೆ.

ನೀಲಮ್ಮ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ಅನ್ನ ಮಾತ್ರ ಎರಡು ಸಲ ಬಡಿಸುತ್ತಾಳೆ.

ನವೆಂಬರ್ 16, ಭಾನುವಾರ

ರಕ್ಷಾ ಬಂದಳು. ಚೀಲ ಇಟ್ಟವಳೇ ಅಮ್ಮನನ್ನು ತಬ್ಬಿಕೊಂಡಳು, ಬಹಳ ಹೊತ್ತು. ಆಮೇಲೆ ಮೂಲೆಗೆ ಹೋಗಿ, ಕೃಷ್ಣಪ್ಪ ಕಿತ್ತು ಪಕ್ಕಕ್ಕೆ ಎಸೆದಿದ್ದ ಲಿಂಗವನ್ನು ಪೇಪರಿನಲ್ಲಿ ಸುತ್ತಿ ತಂದಳು. ಡಿಪಾರ್ಟ್‌ಮೆಂಟಿಗೆ ಬೇಕಂತೆ. ಅದರೊಳಗೆ ಜಲ್ಲಿಯಿದೆ, ಇಟ್ಟಿಗೆ ಚೂರಿದೆ. ಒಂದು ಕಡೆ ನನ್ನ ಚಪ್ಪಲಿಯ ರಬ್ಬರು ಕರಗಿ ಹಿಡಿದಿದೆ.

ಅವಳ ಚೀಲದಲ್ಲಿ ನಮ್ಮ ಊರಿನ ಕಡೆಯ ಕಲ್ಲುಗಳಿದ್ದವು. ಕರಿಕಲ್ಲಿನಲ್ಲಿ ಗಾಳಿಗುಳ್ಳೆಯಾಗಿದ್ದ ತೂತುಗಳೊಳಗೆ ಬಿಳಿ ಹರಳು ಕಟ್ಟಿದೆ, ಸಕ್ಕರೆಯಂತೆ. ಇನ್ನೊಂದು ಕೆಂಪು ಹೆಂಟೆ. ಎರಡು ಹರಿವುಗಳ ನಡುವಿನ ಬಿಡುವಿನಲ್ಲಿ ಆದ ಮಣ್ಣು ಅದೇ. ಅಂಗೈಯಲ್ಲಿ ಹಿಡಿದು ನೋಡಿದೆ. ಕೆಳಗೂ ಬೆಂಕಿ, ಮೇಲೂ ಬೆಂಕಿ, ನಡುವೆ ಇಷ್ಟು ಮಣ್ಣಾಗುವಷ್ಟು ಕಾಲ ಭೂಮಿ ಸುಮ್ಮನಿತ್ತಲ್ಲ.

"ಡಿಸೆಂಬರಲ್ಲಿ ಇನ್ನೊಂದು ಸಲ ಹೋಗ್ಬೇಕಪ್ಪ. ನೀನೂ ಬಾ. ನಿಮ್ಮೂರ ಹಳ್ಳದ ದಂಡೇಲೇ ಚೆನ್ನಾಗಿ ಕಾಣುತ್ತೆ ಈ ಪದರ."

ಬಸ್ಸೋ ರೈಲೋ ಎಂದು ಕೇಳಿದೆ.

ನವೆಂಬರ್ 23, ಭಾನುವಾರ

ಒಂದು ವಾರ ಬರೆದಿಲ್ಲ. ಬರೆಯುವಂಥದ್ದು ಏನೂ ಆಗಲಿಲ್ಲ.

ಬೆಳಗ್ಗೆ ಲಕ್ಷ್ಮೀಪತಿಯವರು ಗಿರಣಿಗೆ ಬಂದರು, ಅವತ್ತಿನಿಂದ ಮೊದಲ ಸಲ. ಡಬ್ಬ ಇಟ್ಟು, ಅತ್ತಿತ್ತ ನೋಡಿ, "ನಿನ್ನೆ ರಾತ್ರಿ ನಮ್ಮ ಮಂಚ ಅಲ್ಲಾಡ್ತು. ನಿಮಗೇನಾದ್ರೂ ಗೊತ್ತಾಯ್ತಾ?" ಎಂದು ಮೆಲ್ಲಗೆ ಕೇಳಿದರು. ಮೇಲಿನ ಮನೆಯ ಮೆಷಿನ್ ಇರಬೇಕು ಎಂದೆ. ಗೋಧಿ ಹಾಕಿ ಮೋಟಾರು ಚಾಲೂ ಮಾಡಿದೆ. ಹಲಗೆ ಎಲ್ಲಿಟ್ಟಿದ್ದೇನೋ ಸಿಕ್ಕಲಿಲ್ಲ, ಹುಡುಕಬೇಕು.

ಸಂಜೆ ನೀಲಮ್ಮ ಮಾರ್ಕೆಟ್ಟಿನಿಂದ ಬಂದಳು. ಸೊಪ್ಪು, ತೆಂಗಿನಕಾಯಿ, ಅದರಡಿಯಿಂದ ಒಂದು ಪೊಟ್ಟಣ ತೆಗೆದು ನನ್ನ ಕಾಲ ಬಳಿ ಇಟ್ಟಳು. ಹೊಸ ಹವಾಯಿ ಚಪ್ಪಲಿ, ನೀಲಿ ಪಟ್ಟಿಯದು.

"ಅಳತೆ ನೋಡಿ" ಎಂದಳು.

ಹಾಕಿಕೊಂಡೆ. ಸರಿಯಾಗಿತ್ತು.

"ಬಿಚ್ಚಿ ಕೈಯಲ್ಲಿ ಹಿಡ್ಕೊಂಡೂ ನೋಡಿ" ಎಂದು ಸೊಪ್ಪು ಬಿಡಿಸುತ್ತಾ ಹೇಳಿದಳು. "ಹಗುರ ಇರೋದನ್ನೇ ಆರಿಸಿ ತಂದಿದ್ದೀನಿ."